2147483647ಕ್ಕೆ ಭಾಜಕ ಹುಡುಕುವುದು

2ರ 31ನೇ ಘಾತದಿಂದ 1 ಕಳೆದರೆ ಬರುವ ಈ ಸಂಖ್ಯೆ ಅವಿಭಾಜ್ಯವೆಂದು ಗಣಿತಜ್ಞ ಆಯ್ಲರ್ 1772ರಲ್ಲೇ ತೋರಿಸಿದ್ದರು, ಅದೂ ಕೈಲೆಕ್ಕದಲ್ಲಿ! ಇದರ ವರ್ಗಮೂಲ 46341ಕ್ಕಿಂತ ತುಸು ಕಡಿಮೆ. ಭಾಜಕ ಹುಡುಕಲು ಅಲ್ಲಿಯವರೆಗೆ ನೋಡಿದರೆ ಸಾಕು, ಆದರೆ ಅಷ್ಟರಲ್ಲಿ ಅವಿಭಾಜ್ಯಗಳೇ ನಾಲ್ಕು ಸಾವಿರಕ್ಕೂ ಹೆಚ್ಚಿವೆ. ಎಲ್ಲದರಿಂದ ಭಾಗಿಸಬೇಕಿಲ್ಲ. ಇದಕ್ಕೊಂದು ಅವಿಭಾಜ್ಯ ಭಾಜಕವಿದ್ದರೆ ಅದನ್ನು 62ರಿಂದ ಭಾಗಿಸಿದಾಗ 1, 8ರಿಂದ ಭಾಗಿಸಿದಾಗ 1 ಅಥವಾ 7 ಉಳಿಯಲೇಬೇಕು. ಎರಡೂ ಸೇರಿದರೆ, 248ರಿಂದ ಭಾಗಿಸಿದಾಗ ಶೇಷ 1 ಅಥವಾ 63. 1ನ್ನು ಬಿಟ್ಟರೆ ವರ್ಗಮೂಲದವರೆಗೆ ಇಂಥವು 373 ಮಾತ್ರ. ಅದರಲ್ಲೂ 63, 249ರಂಥ ಸಂಯುಕ್ತ ಸಂಖ್ಯೆಗಳು ಬೇಡ. ನಿಜವಾದ ಕೆಲಸ ಶುರುವಾಗುವುದು 311ರಿಂದ.

ಪ್ರೋಗ್ರಾಂ ಬರೆಯುವವರಿಗೆ ಇನ್ನೊಂದು ಅನುಕೂಲ: ಯಾವುದೇ ಸಂಖ್ಯೆಯನ್ನು 2147483647ರಿಂದ ಭಾಗಿಸಿದಾಗ ಬರುವ ಶೇಷ ತೆಗೆಯಲು ಭಾಗಾಕಾರವೇ ಬೇಡ. ಆ ಸಂಖ್ಯೆಯ ಕೆಳಗಿನ 31 ಬಿಟ್‌ಗಳಿಗೆ (ದ್ವಿಮಾನ ಅಂಕೆಗಳಿಗೆ) ಮೇಲಿನ ಬಿಟ್‌ಗಳನ್ನು ಕೂಡಿ, ಮೊತ್ತ 31 ಬಿಟ್ ಮೀರಿದರೆ ಮತ್ತೆ ಕೂಡಿ. ಉತ್ತರ 2147483647 ಎಂದೇ ಬಂದರೆ ಅದು ಸೊನ್ನೆ. ಹೆಚ್ಚಿನವರು ಎಡವುವುದು ಇಲ್ಲೇ.