ಸೊಸೆಯ ತವರು ಹುಡುಕಿಕೊಂಡು ಕ್ವಿಬೆಕ್‌ಗೆ

ಸೊಸೆಯ ಮನೆತನದ ಹೆಸರು ಗ್ರೀನ್‌ವುಡ್, ಊರು ಅಮೆರಿಕದ ಮ್ಯಾಸಚೂಸೆಟ್ಸ್‌ನ ಲೋವೆಲ್. ಇಂಗ್ಲಿಷರ ಪೈಕಿ ಎಂದೇ ತಿಳಿದಿದ್ದೆ. ಅವಳ ಮುತ್ತಜ್ಜ ಬಟ್ಟೆ ಗಿರಣಿಯ ಕೂಲಿಗೆಂದು ಕೆನಡಾದ ಫ್ರೆಂಚ್ ಮಾತಿನ ಪ್ರಾಂತ್ಯವಾದ ಕ್ವಿಬೆಕ್‌ನಿಂದ ಬಂದವರಂತೆ. ಅಲ್ಲಿದ್ದಾಗ ಅವರು ಬ್ವಾವೇರ್. ಹಸಿರು ಕಾಡು ಎಂಬ ಅದರ ಅರ್ಥವನ್ನು ಇಂಗ್ಲಿಷಿಗೆ ತಿರುಗಿಸಿಕೊಂಡು ಗ್ರೀನ್‌ವುಡ್ ಆದರು. 1840ರಿಂದ 1930ರವರೆಗೆ ಸುಮಾರು 9 ಲಕ್ಷ ಜನ ಹೀಗೆ ಗಡಿ ದಾಟಿದ್ದಾರೆ. ಜೂನ್ ಕೊನೆಗೆ ನಾವಿಬ್ಬರೂ ಕಾರು ಹತ್ತಿದೆವು. ಮಗನಿಗೆ ರಜೆ ಸಿಗಲಿಲ್ಲ, ಒಳ್ಳೆಯದೇ ಆಯಿತು.

ಕ್ವಿಬೆಕ್ ನಗರದ ದಾಖಲೆಗಳ ಭಂಡಾರ ಲವಾಲ್ ವಿಶ್ವವಿದ್ಯಾಲಯದ ಆವರಣದಲ್ಲಿದೆ. ಹಿಂದೆ ಪಾದ್ರಿಗಳನ್ನು ತಯಾರು ಮಾಡುತ್ತಿದ್ದ ಕಟ್ಟಡ. ಚರ್ಚುಗಳ ಹಳೆಯ ದಫ್ತರಗಳನ್ನು ಪರದೆಯ ಮೇಲೆ ನೋಡುತ್ತ ಕುಳಿತೆವು. ಹೆಸರುಗಳ ನಡುವೆ ಮತ್ತೆ ಮತ್ತೆ ‘ದಿ’ ಎಂಬ ಪದ. ಪ್ರತಿ ಮನೆಯಲ್ಲೂ ಇರುವ ಈ ಪುಣ್ಯಾತ್ಮ ಯಾರು ಎಂದು ಕೇಳಿದ್ದಕ್ಕೆ ಪಕ್ಕದಲ್ಲಿ ಕುಳಿತಿದ್ದ ಮುದುಕರು ನಕ್ಕುಬಿಟ್ಟರು. ಅದು ಬೇರೇನಲ್ಲ, ನಮ್ಮ ಪಹಣಿ ಪತ್ರಗಳ ‘ಉರುಫ್’! ಕ್ವಿಬೆಕ್ ಫ್ರಾನ್ಸಿನ ವಸಾಹತಾಗಿದ್ದ ಕಾಲದಲ್ಲಿ, 1665ರಲ್ಲಿ, ಅಲ್ಲಿಂದ ಬಂದಿಳಿದ ಕಾರಿನ್ಯಾನ್-ಸಾಲಿಯೇರ್ ಪಡೆಯ ಸುಮಾರು 1,200 ಸೈನಿಕರಲ್ಲಿ ಅನೇಕರಿಗೆ ಇಂಥ ಅಡ್ಡಹೆಸರುಗಳಿದ್ದವು: ಹೂವು, ನಿಶ್ಚಿಂತ, ನಗೆಮನದವ. ಕ್ವಿಬೆಕ್‌ನಲ್ಲೇ ನೆಲೆಸಿದವರ ಮಕ್ಕಳಲ್ಲಿ ಒಬ್ಬ ಅಪ್ಪನ ಹೆಸರು ಹಿಡಿದರೆ ಇನ್ನೊಬ್ಬ ಅಡ್ಡಹೆಸರು ಹಿಡಿದ. ಬ್ವಾವೇರ್ ಕೂಡ ಹಲವು ಮನೆಗಳಿಗೆ ಅಡ್ಡಹೆಸರೇ. ಗಂಡು ಸಂತತಿಯ ದಾರಿಯಲ್ಲಿ ಮಧ್ಯಾಹ್ನದವರೆಗೆ ಎಡವಿ ಎಡವಿ ಸಾಕಾಯಿತು.

ಆಗ ಸೊಸೆ ಹೆಂಗಸರ ದಾರಿ ಹಿಡಿದಳು. ಈ ದಫ್ತರಗಳಲ್ಲಿ ಹೆಣ್ಣು ಮದುವೆಯಾದರೂ, ಸತ್ತರೂ ತವರಿನ ಹೆಸರಿನಲ್ಲೇ ಇರುತ್ತಾಳೆ. ಮದುವೆಯ ನಮೂದಿನಲ್ಲಿ ವಧುವಿನ ತಂದೆ, ತಾಯಿ, ಅವರ ಊರು. ಆ ತಾಯಿಯ ಮದುವೆ ಹುಡುಕಿದರೆ ಅವಳ ತಾಯಿ. 1667ರ ರಾಜಾಜ್ಞೆಯಿಂದಾಗಿ ಪಾದ್ರಿ ಎರಡು ಪ್ರತಿ ಬರೆಯಬೇಕಿತ್ತು. ಒಂದು ಸುಟ್ಟರೂ ಇನ್ನೊಂದು ಉಳಿದೀತು. ಅದಕ್ಕೂ ಮೊದಲು, 1640ರಲ್ಲಿ ಕ್ವಿಬೆಕ್‌ನ ಚರ್ಚು ದಫ್ತರ ಸಮೇತ ಸುಟ್ಟುಹೋದಾಗ ಊರವರ ನೆನಪಿನಿಂದ ಹೊಸದಾಗಿ ಬರೆದರಂತೆ. ಎಂಥ ತಾಳ್ಮೆ!

ಸಂಜೆಗೆ 1670ನ್ನು ತಲುಪಿದೆವು. ವಧು ಪ್ಯಾರಿಸ್‌ನವಳು, ‘ರಾಜನ ಹೆಣ್ಣುಮಕ್ಕಳು’ ಎನ್ನಿಸಿಕೊಂಡವರಲ್ಲಿ ಒಬ್ಬಳು. 1666ರ ಜನಗಣತಿಯಲ್ಲಿ ಇಡೀ ವಸಾಹತಿನ ಫ್ರೆಂಚರು 3,215 ಮಂದಿ, ಅದರಲ್ಲಿ ಗಂಡಸರೇ ಬಹಳ. ಹಾಗಾಗಿ 1663ರಿಂದ 1673ರವರೆಗೆ ದೊರೆ ತನ್ನ ಖರ್ಚಿನಲ್ಲಿ ಎಂಟುನೂರರ ಹತ್ತಿರ ಹುಡುಗಿಯರನ್ನು ಹಡಗು ಹತ್ತಿಸಿದ. ಅನೇಕರು ಅನಾಥೆಯರು. ಕಂದು ತಿರುಗಿದ ಶಾಯಿ, ಒತ್ತೊತ್ತಾದ ಸಾಲುಗಳು. ಕಡೆಯ ಸಾಲನ್ನು ಸೊಸೆ ಬೆರಳಿಟ್ಟು ಓದಿದಳು: ‘ರುಜು ಹಾಕಲು ಬಾರದೆಂದು ಹೇಳಿದ್ದಾರೆ.’ ಪರದೆಯ ಮೇಲಿಂದ ಬೆರಳು ತೆಗೆಯಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಮರುದಿನ ಓರ್ಲೆಯಾನ್ ದ್ವೀಪ. ಮದುವೆಯಾದ ಮೇಲೆ ಅವಳು ಬಾಳಿದ್ದು ಅಲ್ಲೇ. ಹೊಲಗಳು ಸೀರೆ ಹಾಸಿದಂತೆ ಸಪೂರವಾಗಿ ನದಿಯತನಕ ಇಳಿದಿವೆ. ಪ್ರತಿ ಮನೆಗೂ ನೀರಿನ ದಡ ಸಿಗಲೆಂದು ಅಂದು ಹಂಚಿದ ರೀತಿ ಅದು. ಸೇಂಟ್-ಫಾಮಿಯ ಮೂರು ಗೋಪುರದ ಚರ್ಚಿನ ಸ್ಮಶಾನದಲ್ಲಿ ಅವಳ ಗುರುತಿನ ಒಂದು ಕಲ್ಲೂ ಸಿಗಲಿಲ್ಲ. ರಸ್ತೆ ಬದಿ ಸ್ಟ್ರಾಬೆರಿ ಕೊಂಡು ಕಾರಿನಲ್ಲೇ ಕುಳಿತು ತಿಂದೆವು.

ಸೊಸೆ ಹೊಸ ಹಾಳೆ ತೆಗೆದಳು. “ಅತ್ತೆ, ಈಗ ನಿಮ್ಮ ಕಡೆಯದು. ನಿಮ್ಮ ತಾಯಿಯ ತವರಿನ ಹೆಸರು?”

ಹೇಳಿದೆ. ಅವಳ ತಾಯಿಯದು? ಮದುವೆಯ ದಿನ ಅಕ್ಕಿಯ ಮೇಲೆ ಉಂಗುರದಿಂದ ಬರೆದು ಬದಲಿಸಿದ ಹೆಸರು ಗೊತ್ತಿತ್ತು. ಹುಟ್ಟಿದಾಗ ಇಟ್ಟದ್ದು ಗೊತ್ತಿರಲಿಲ್ಲ.

“ಅವರ ತಾಯಿ?”

“ಎಲ್ಲರೂ ದೊಡ್ಡವ್ವ ಎನ್ನುತ್ತಿದ್ದರು,” ಎಂದೆ. ಅವಳು ಅದನ್ನೇ ಬರೆದುಕೊಂಡಳು.