ಕೊಡಗಿನ ತೋಡಿಗೆ ಕೆಂಪು ಫಿಲ್ಟರ್ ಬೇಡ

ಕಾವೇರಿಯ ಮೂಲವಾಸಿ ಮಹಶೀರ್‌ದು ಕಿತ್ತಳೆ ಈಜುರೆಕ್ಕೆ. ಹೊರಗಿನಿಂದ ತಂದು ಬಿಟ್ಟ ಮಹಶೀರ್‌ದು ನೀಲಿ. ಫೋಟೋದಲ್ಲಿ ಬಣ್ಣ ತಪ್ಪಿದರೆ ಮೀನಿನ ಗುರುತೇ ತಪ್ಪೀತು. ಕಿತ್ತಳೆ ರೆಕ್ಕೆಯದು ಅಳಿವಿನ ಅಂಚಿನಲ್ಲಿರುವಾಗ ಇದು ಸಣ್ಣ ಮಾತಲ್ಲ.

ನೀರಿನೊಳಗಿನ ಫೋಟೋಗ್ರಫಿಗೆ ಸಿಗುವ ಸಲಹೆಗಳೆಲ್ಲ ಹೆಚ್ಚಾಗಿ ಸಮುದ್ರದವು. ನೀರು ಮೊದಲು ಕೆಂಪನ್ನು ನುಂಗುತ್ತದೆ, ಆದ್ದರಿಂದ ಕೆಂಪು ಫಿಲ್ಟರ್ ಹಾಕಿ ಎನ್ನುತ್ತಾರೆ. ತಿಳಿ ಸಮುದ್ರದಲ್ಲಿ ಐದು ಮೀಟರ್ ಇಳಿದವರಿಗೆ ಅದು ಸರಿ. ನಮ್ಮ ತೋಡು, ಹೊಳೆಗಳಲ್ಲಿ ಕಾಡಿನ ತರಗೆಲೆ ಕೊಳೆತು ಬಿಟ್ಟ ಕಂದು ರಸ ತೆಳು ಟೀಯ ಹಾಗೆ ಕರಗಿರುತ್ತದೆ. ಅದು ಹೀರುವುದು ನೀಲಿಯನ್ನು. ಹಾಗಾಗಿ ಚಿತ್ರ ಹಳದಿ ಹಸಿರಿಗೆ ತಿರುಗುತ್ತದೆ. ಇದರ ಮೇಲೆ ಕೆಂಪು ಫಿಲ್ಟರ್ ಅಥವಾ ಕ್ಯಾಮೆರಾದ 'ಅಂಡರ್‌ವಾಟರ್' ಮೋಡ್ ಹಾಕಿದರೆ ಬಿಳಿ ಬೆಣಚುಕಲ್ಲೂ ಇಟ್ಟಿಗೆಯಂತೆ ಕಾಣುತ್ತದೆ.

ಫೋಟೋ ರಾ ಫಾರ್ಮ್ಯಾಟಿನಲ್ಲೇ (ಸೆನ್ಸರ್ ಕಂಡದ್ದನ್ನು ತಿದ್ದದೆ ಉಳಿಸುವ ಕಡತ) ಇರಲಿ. ಆಮೇಲೆ ಬಣ್ಣ ತಿದ್ದಲು ಅಳತೆಗೋಲಾಗಿ ಬೂದು ಪ್ಲಾಸ್ಟಿಕ್ ಕಾರ್ಡ್ ಒಂದನ್ನು ಮೀನಿರುವ ಆಳದಲ್ಲಿ, ಮೀನಿರುವಷ್ಟೇ ದೂರದಲ್ಲಿ ಹಿಡಿದು ಒಂದು ಚಿತ್ರ ತೆಗೆಯಿರಿ. ದೂರವೂ ಲೆಕ್ಕಕ್ಕೆ ಬರುತ್ತದೆ: 40 ಸೆಂ.ಮೀ. ಆಳದ ಮೀನು 60 ಸೆಂ.ಮೀ. ದೂರದಲ್ಲಿದ್ದರೆ ಬೆಳಕು ಸುಮಾರು ಒಂದು ಮೀಟರ್ ನೀರು ದಾಟಿ ಬಂದಿರುತ್ತದೆ. ಮರದ ನೆರಳಿನಲ್ಲಿ ಮೀನಿದ್ದರೆ ಕಾರ್ಡೂ ಅದೇ ನೆರಳಿನಲ್ಲಿರಬೇಕು; ಎಲೆ ಸೋಸಿ ಬಿಟ್ಟ ಬೆಳಕೇ ಹಸಿರು. ಕಾರ್ಡಿಲ್ಲವೆಂದು ಬಿಳಿ ಬಟ್ಟೆ ಹಿಡಿಯಬೇಡಿ. ಸೋಪಿನ ಪುಡಿಯಲ್ಲಿರುವ ಹೊಳಪಿನ ರಾಸಾಯನಿಕ ಅದಕ್ಕೆ ನೀಲಿ ಛಾಯೆ ಕೊಟ್ಟಿರುತ್ತದೆ.

ಎಕ್ಸ್‌ಪೋಷರ್ ನೋಡುವಾಗ ಕೆಂಪು, ಹಸಿರು, ನೀಲಿ ಮೂರೂ ಬಣ್ಣಗಳ ಹಿಸ್ಟೋಗ್ರಾಮ್ (ಎಡಕ್ಕೆ ಕತ್ತಲು, ಬಲಕ್ಕೆ ಬೆಳಕು ತೋರಿಸುವ ನಕ್ಷೆ) ತೆರೆಯಿರಿ. ಇಲ್ಲಿ ಹಸಿರು ಮೊದಲು ತುಂಬಿ ಕತ್ತರಿಸಿಹೋಗುತ್ತದೆ, ನೀಲಿ ತಳ ಹಿಡಿದಿರುತ್ತದೆ. ಹಸಿರು ಬಲತುದಿಗೆ ತಾಗದಷ್ಟು ಬೆಳಕು ಕೊಡಿ. ತಳ ಹಿಡಿದ ನೀಲಿಯನ್ನು ಆಮೇಲೆ ಕಂಪ್ಯೂಟರಿನಲ್ಲಿ ಎಳೆದರೆ ಬರುವುದು ಬಣ್ಣವಲ್ಲ, ಕಾಳುಕಾಳು ನಾಯ್ಸ್. ತಿದ್ದುವಾಗ ವೈಟ್ ಬ್ಯಾಲೆನ್ಸ್ ಡ್ರಾಪರನ್ನು (ಒತ್ತಿದ ಜಾಗವನ್ನು ಬಣ್ಣವಿಲ್ಲದ ಬೂದು ಎಂದು ಹಿಡಿದು ಚಿತ್ರ ತಿದ್ದುವ ಉಪಕರಣ) ಕಾರ್ಡಿನ ಮೇಲೆ ಒತ್ತಿ. ಸಾಮಾನ್ಯವಾಗಿ ನೀಲಿ-ಹಳದಿ ತೂಗುವ ಕೆಲ್ವಿನ್ ಸ್ಲೈಡರ್ ನೀಲಿಯ ಕಡೆಗೆ ಇಳಿಯುತ್ತದೆ, ಹಸಿರು-ಮೆಜೆಂಟಾ ತೂಗುವ ಟಿಂಟ್ ಮೆಜೆಂಟಾ (ನೇರಳೆಗೆಂಪು) ಕಡೆಗೆ ಸರಿಯುತ್ತದೆ.

ಫ್ಲ್ಯಾಶ್ ಹಾಕಿ ತೆಗೆದ ಚಿತ್ರಕ್ಕೆ ಆ ತಿದ್ದುಪಡಿ ಅಂಟಿಸಬೇಡಿ, ಮೀನು ನೇರಳೆಯಾಗುತ್ತದೆ. ಫ್ಲ್ಯಾಶ್ ಕೆಲಸ ಮಾಡುವುದೂ ಹತ್ತಿರದಲ್ಲಿ, ಅರ್ಧ ಮೀಟರ್ ಒಳಗೆ. ಅದನ್ನು ಲೆನ್ಸಿನಿಂದ ಆದಷ್ಟು ದೂರ ಹಿಡಿದು ಸ್ವಲ್ಪ ಹೊರಕ್ಕೆ ತಿರುಗಿಸಿ. ಇಲ್ಲವಾದರೆ ತೇಲುವ ಮಣ್ಣಿನ ಕಣವೆಲ್ಲ ಹಿಮ ಸುರಿದಂತೆ ಬಿಳಿಚುಕ್ಕಿಯಾಗಿ ಹೊಳೆಯುತ್ತದೆ.

ಮಳೆಗಾಲದ ಕೆಂಪು ನೀರಿನಲ್ಲಿ ಇದು ಯಾವುದೂ ನಡೆಯುವುದಿಲ್ಲ. ಡಿಸೆಂಬರಿನಿಂದ ಫೆಬ್ರವರಿಯವರೆಗೆ, ಬಿಸಿಲು ನೆತ್ತಿಯ ಹತ್ತಿರ ಬಂದ ಹನ್ನೊಂದರಿಂದ ಎರಡು ಗಂಟೆಯೊಳಗೆ ತೋಡಿಗಿಳಿಯಿರಿ. ಇಳಿಯುವಾಗ ಹರಿವಿನ ಕೆಳಗಿನ ಕಡೆಯಿಂದ ಹೋಗಿ. ಕಾಲಿಗೆ ಎದ್ದ ಕೆಸರು ಮೀನಿನ ಕಡೆಗೆ ಬರುವುದಿಲ್ಲ.