ಕುದುರೆ ಆ ಕಡೆ, ನೀವ್ಯಾಕೆ ಈ ಕಡೆ?

ಜೂನ್ ತಿಂಗಳಲ್ಲಿ ರಾಜರ ಅಧಿಕೃತ ಹುಟ್ಟುಹಬ್ಬದ ಮೆರವಣಿಗೆ, ಟ್ರೂಪಿಂಗ್ ದ ಕಲರ್. ಪ್ರಥಮ ಚಿಕಿತ್ಸೆ ಕೊಡುವ ಸ್ವಯಂಸೇವಾ ಸಂಸ್ಥೆ ಸೇಂಟ್ ಜಾನ್ ಆಂಬುಲೆನ್ಸಿನ ಹಸಿರು ಸಮವಸ್ತ್ರದಲ್ಲಿ ಲಂಡನ್ನಿನ ದ ಮಾಲ್ ರಸ್ತೆಯ ಬದಿಯಲ್ಲಿ ನಿಂತಿದ್ದೆ. ಅಪ್ಪನ ಹೆಗಲೇರಿದ್ದ ಒಂದು ಪುಟ್ಟ ಹುಡುಗಿ ಬಹಳ ಹೊತ್ತು ನನ್ನನ್ನೇ ನೋಡಿ, ಕೊನೆಗೆ ಕೇಳಿಯೇಬಿಟ್ಟಳು: "ಕುದುರೆ ಆ ಕಡೆಯಿಂದ ಬರುತ್ತೆ. ನೀವ್ಯಾಕೆ ನಮ್ಮ ಕಡೆ ತಿರುಗಿದ್ದೀರಿ?"

"ನಿಮ್ಮನ್ನು ನೋಡೋದಕ್ಕೇ ಬಂದಿರೋದು" ಅಂದೆ. ಅವಳು ತುಂಬಾ ಮರುಗಿದಳು. "ಹಾಗಾದ್ರೆ ನಾನು ನೋಡಿ ಹೇಳ್ತೀನಿ" ಅಂದಳು. ಹೇಳಿದಳು ಕೂಡ! ಕಪ್ಪು ಕುದುರೆ ಬಂತು, ನಗಾರಿ ಹೊತ್ತ ಕುದುರೆ ಬಂತು, ಈಗ ರಾಜರ ಗಾಡಿ ಬಂತು... ಬೆನ್ನ ಹಿಂದಿನ ವೈಭವವನ್ನೆಲ್ಲ ಒಂದು ಮಗುವಿನ ಬಾಯಲ್ಲಿ ಕೇಳಿದೆ. ಅದಕ್ಕಿಂತ ಚೆನ್ನಾಗಿ ನೋಡಿದವರು ಆ ದಿನ ಯಾರೂ ಇರಲಿಕ್ಕಿಲ್ಲ.

ನಮ್ಮ ಕೆಲಸವೇ ಮುಖ ನೋಡುವುದು. ಯಾರ ತುಟಿ ಬಿಳಚಿದೆ, ಯಾರು ಬೆವರುತ್ತಿದ್ದಾರೆ, ಯಾರು ಬೇಲಿ ಹಿಡಿದುಕೊಂಡಿದ್ದಾರೆ. ಬಿಸಿಲಲ್ಲಿ ಅಲುಗಾಡದೆ ನಿಂತರೆ ರಕ್ತ ಕಾಲಿಗಿಳಿದು ನಿಲ್ಲುತ್ತದೆ, ಮಿದುಳಿಗೆ ಸಾಲದೆ ತಲೆ ತಿರುಗುತ್ತದೆ. ಕರಡಿ ತುಪ್ಪಳದ ಟೋಪಿ ಹೊತ್ತ ಗಟ್ಟಿಮುಟ್ಟಾದ ಸೈನಿಕರೂ ಹೀಗೆ ಬೀಳುವುದುಂಟು. ಮಾಡಬೇಕಾದ್ದು ಇಷ್ಟೇ: ಅಂಗಾತ ಮಲಗಿಸಿ, ಕಾಲು ಎತ್ತಿ ಹಿಡಿದು, ಸುತ್ತ ಗಾಳಿಯಾಡಲು ಬಿಡುವುದು.

ಮೈಸೂರು ದಸರೆಯಲ್ಲಿ ಇದಕ್ಕೆ ತದ್ವಿರುದ್ಧವಾದದ್ದನ್ನು ಕಂಡಿದ್ದೆ. ಜಂಬೂಸವಾರಿಗೆ ಕಾಯುತ್ತ ಸಯ್ಯಾಜಿರಾವ್ ರಸ್ತೆಯಲ್ಲಿ ಬೆಳಗಿನಿಂದ ಕೂತಿದ್ದೆವು. ಪಕ್ಕದಲ್ಲಿ ಒಬ್ಬ ಅಜ್ಜಿ ಎದ್ದು ನಿಂತವರೇ ಕುಸಿದರು. ಎಷ್ಟು ಕೈ ಬಂದವು! ಒಬ್ಬರು ಎತ್ತಿ ಕೂರಿಸಿದರು, ಒಬ್ಬರು ಬಾಯಿಗೆ ನೀರು ಹೊಯ್ದರು, ಒಬ್ಬರು ಈರುಳ್ಳಿ ತನ್ನಿ ಅಂತ ಕೂಗಿದರು. ಸುತ್ತ ಜನ ಕವಿದು ಗಾಳಿಯೇ ಇಲ್ಲ. ಅಜ್ಜಿ ಎಚ್ಚರಗೊಂಡರು, ಪುಣ್ಯ. ಎಚ್ಚರವಿಲ್ಲದವರ ಬಾಯಿಗೆ ನೀರು ಬಿಟ್ಟರೆ ಶ್ವಾಸನಾಳಕ್ಕೆ ಇಳಿಯಬಹುದೆಂದು ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ಅವರ ಅಕ್ಕರೆಯಲ್ಲಿ ಮಾತ್ರ ಎಳ್ಳಷ್ಟೂ ಕೊರತೆಯಿರಲಿಲ್ಲ. ಆ ಥರ ಮೈಮೇಲೆ ಬಿದ್ದು ಸಹಾಯಕ್ಕೆ ಬರುವ ಜನವನ್ನು ನಾನು ಇಲ್ಲಿ ಲಂಡನ್ನಿನಲ್ಲಿ ಕಂಡಿಲ್ಲ. ಇಲ್ಲಿಯವರು ಮೊದಲು ಹಸಿರು ಬಟ್ಟೆಯವರನ್ನು ಹುಡುಕುತ್ತಾರೆ.

2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ 11 ಮಂದಿ ತೀರಿಕೊಂಡಾಗಲೂ ಹಾಗೇ. ಬಿದ್ದವರನ್ನು ತೋಳಲ್ಲಿ ಎತ್ತಿಕೊಂಡು ಓಡುತ್ತಿದ್ದವರನ್ನು ವಿಡಿಯೋದಲ್ಲಿ ನೋಡಿ ಆ ರಾತ್ರಿ ನಿದ್ದೆ ಬರಲಿಲ್ಲ. ವೇದಿಕೆಯ ಮೇಲಿನವರನ್ನು ಕಾಯಲು ನಮ್ಮಲ್ಲಿ ಎಷ್ಟು ಬಂದೋಬಸ್ತು! ನೋಡಲು ಬಂದವರನ್ನು ಕಾಯುವುದು ಯಾರ ಕೆಲಸ ಅಂತ ಯಾಕೆ ಮೊದಲೇ ತೀರ್ಮಾನ ಆಗುವುದಿಲ್ಲ? ಈ ಮಾತು ಬರೆಯುವಾಗಲೂ ಸಂಕಟವಾಗುತ್ತದೆ.

ಸೇಂಟ್ ಜಾನ್ 1877ರಲ್ಲಿ ಶುರುವಾದದ್ದೇ ಗಣಿ, ರೈಲ್ವೆ ಕೆಲಸಗಾರರಂಥ ಸಾಮಾನ್ಯರಿಗೆ ಪ್ರಥಮ ಚಿಕಿತ್ಸೆ ಕಲಿಸಲು. ಭಾರತದಲ್ಲೂ ಅದರ ಸಂಸ್ಥೆ ಇದೆ. ಇಲ್ಲಿ ಇಂಗ್ಲೆಂಡಿನಲ್ಲಿ 10 ವರ್ಷದ ಮಕ್ಕಳೂ ಕೆಡೆಟ್ ಆಗಿ ಸೇರಬಹುದು.

ಊರಲ್ಲಿರುವ ಅಣ್ಣನ ಮಗನಿಗೆ ಮೊನ್ನೆ ವಿಡಿಯೋ ಕಾಲಿನಲ್ಲಿ, ಉಸಿರಿದ್ದು ಎಚ್ಚರ ತಪ್ಪಿದವರನ್ನು ಪಕ್ಕಕ್ಕೆ ಹೊರಳಿಸುವುದನ್ನು ತೋರಿಸಿದೆ. ತಂಗಿಯನ್ನು ಚಾಪೆ ಮೇಲೆ ಮಲಗಿಸಿ ಸರಿಯಾಗಿಯೇ ಮಾಡಿದ. "ಚಿಕ್ಕಪ್ಪ, ಸ್ಕೂಲಲ್ಲಿ ಇದನ್ನ ಎಲ್ಲರಿಗೂ ತೋರಿಸ್ತೀರಾ?" ಅಂದ. ಅವನ ಹೆಡ್‌ಮಾಸ್ಟರಿಗೆ ಪತ್ರ ಬರೆದಿದ್ದೇನೆ, ಡಿಸೆಂಬರಿನಲ್ಲಿ ಬಂದಾಗ ಒಂದು ಶನಿವಾರ ಕೊಡಿ ಅಂತ.